ತಿಪ್ಪೆಯೂ ಚೀಲವೂ: ಟೊಮೆಟೊ ಹೊಲದ ಗೊಬ್ಬರದ ಲೆಕ್ಕ



ಕೋಲಾರದಲ್ಲಿ ನಿಂತು ಟೊಮೆಟೊ ಬಗ್ಗೆ ಮಾತಾಡುವವರು ಎಚ್ಚರದಿಂದಿರಬೇಕು. ಏಷ್ಯಾದ ದೊಡ್ಡ ಟೊಮೆಟೊ ಮಾರುಕಟ್ಟೆಗಳಲ್ಲಿ ಒಂದು ಈ ಊರಿನಲ್ಲೇ ಇದೆ. ಇಲ್ಲಿ ಕೂತಿರುವ ಹಲವರು ಗಿಡದ ಎಲೆಯ ಬಣ್ಣ ನೋಡಿಯೇ ಅದಕ್ಕೇನು ಕಡಿಮೆಯಾಗಿದೆ ಎಂದು ಹೇಳಬಲ್ಲವರು. ನಾನು ಬೇಸಾಯ ಕ್ರಮ ಹೇಳಿಕೊಡಲು ಬಂದಿಲ್ಲ. ನೀವು ದಿನವೂ ಮಾಡುವ ಕೆಲಸದ ಹಿಂದಿರುವ ಒಂದು ಲೆಕ್ಕವನ್ನು ಬಿಡಿಸಿ ನಿಮ್ಮ ಮುಂದಿಡಬೇಕು ಅಂದುಕೊಂಡಿದ್ದೇನೆ.

ಗೊಬ್ಬರದ ವಿಷಯ ಬಂದರೆ ಊರುಗಳಲ್ಲಿ ಈಗ ಎರಡು ಮಾತು ಕೇಳುತ್ತವೆ. ಸೀಮೆ ಗೊಬ್ಬರ ಭೂಮಿಯನ್ನು ಕೆಡಿಸಿತು, ಸಗಣಿ ಗೊಬ್ಬರಕ್ಕೆ ಹಿಂದಿರುಗಿದರೆ ಎಲ್ಲ ಸರಿಹೋಗುತ್ತದೆ ಎನ್ನುವವರು ಒಂದು ಕಡೆ. ಹೈಬ್ರಿಡ್ ತಳಿಗೆ ಸಗಣಿ ಎಲ್ಲಿ ಸಾಕಾಗುತ್ತದೆ, ಡ್ರಿಪ್ಪಿನಲ್ಲಿ ‘ನೈನ್‌ಟೀನ್ ಆಲ್’ ಗೊಬ್ಬರ ಬಿಡದಿದ್ದರೆ ಬಾಕ್ಸು ತುಂಬುವುದಿಲ್ಲ ಎನ್ನುವವರು ಇನ್ನೊಂದು ಕಡೆ. ಇಬ್ಬರ ಮಾತಿನ ಹಿಂದೆಯೂ ಅನುಭವವಿದೆ. ಆದರೆ ತಿಪ್ಪೆಯ ಗೊಬ್ಬರ ಮಾಡುವ ಕೆಲಸ ಬೇರೆ, ಚೀಲದ ಗೊಬ್ಬರ ಮಾಡುವ ಕೆಲಸ ಬೇರೆ. ಒಂದರ ಕೆಲಸವನ್ನು ಇನ್ನೊಂದರಿಂದ ಮಾಡಿಸಲು ಹೊರಟಾಗಲೆಲ್ಲ ನಮಗೆ ನಷ್ಟವಾಗಿದೆ. ಇವತ್ತು ನಾನು ಹೇಳಬೇಕೆಂದಿರುವುದು ಇದನ್ನೇ.

ಮೊದಲು ಲೆಕ್ಕ. ಬೆಳೆ ಚೆನ್ನಾಗಿ ಬಂದರೆ ಎಕರೆಗೆ 2000 ಬಾಕ್ಸ್ ಕಿತ್ತೆವು ಎನ್ನುತ್ತೇವೆ. ನಮ್ಮ ಬಾಕ್ಸ್ 15 ಕೆಜಿಯದು. ಅಂದರೆ 30 ಟನ್ ಹಣ್ಣು. ಒಂದು ಟನ್ ಹಣ್ಣು ಬೆಳೆಯಲು ಟೊಮೆಟೊ ಗಿಡ, ಕಾಂಡ ಎಲೆ ಎಲ್ಲ ಸೇರಿಸಿ, ಸುಮಾರು ಎರಡೂವರೆಯಿಂದ 3 ಕೆಜಿ ಸಾರಜನಕವನ್ನು ಎತ್ತಿಕೊಳ್ಳುತ್ತದೆ. ರಂಜಕ ಒಂದು ಕೆಜಿಯೊಳಗೆ. ಪೊಟ್ಯಾಷ್ ಮಾತ್ರ 4ರಿಂದ 5 ಕೆಜಿ. ಹಾಗಾದರೆ 30 ಟನ್ನಿಗೆ 75ರಿಂದ 90 ಕೆಜಿ ಸಾರಜನಕ, ಮೂವತ್ತು ಕೆಜಿ ಮೀರದಷ್ಟು ರಂಜಕ, 120ರಿಂದ 150 ಕೆಜಿ ಪೊಟ್ಯಾಷ್ ಆಯಿತು. ಟೊಮೆಟೊ ಅತಿ ಹೆಚ್ಚು ಕೇಳುವುದು ಪೊಟ್ಯಾಷನ್ನು, ಅತಿ ಕಡಿಮೆ ಕೇಳುವುದು ರಂಜಕವನ್ನು. ನಾವು ಕೊಡುತ್ತಿರುವುದು ಈ ಅನುಪಾತದಲ್ಲಿದೆಯೇ ಎಂಬ ಪ್ರಶ್ನೆಗೆ ಆಮೇಲೆ ಬರುತ್ತೇನೆ.

ಈಗ ತಿಪ್ಪೆಯ ಕಡೆ ನೋಡೋಣ. ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರದಲ್ಲಿ ಸಾರಜನಕ ನೂರಕ್ಕೆ ಅರ್ಧ ಭಾಗ. ಶಿಫಾರಸಿನಂತೆ ಎಕರೆಗೆ 10 ಟನ್ ಹೊಡೆದರೆ 50 ಕೆಜಿ ಸಾರಜನಕ ಹೊಲಕ್ಕೆ ಸೇರುತ್ತದೆ. ಅಷ್ಟೂ ಗಿಡಕ್ಕೆ ಸಿಗುವುದಿಲ್ಲ. ಸಗಣಿಯೊಳಗಿನ ಸಾರಜನಕವನ್ನು ಸೂಕ್ಷ್ಮಜೀವಿಗಳು ಒಡೆದು ಬಿಡುಗಡೆ ಮಾಡಬೇಕು. ಮೊದಲ ಬೆಳೆಗೆ ದಕ್ಕುವುದು ಮೂರರಲ್ಲಿ ಒಂದು ಪಾಲು ಎಂದಿಟ್ಟುಕೊಳ್ಳಿ, ಹದಿನಾರು ಹದಿನೇಳು ಕೆಜಿ. ಬರೀ ಕೊಟ್ಟಿಗೆ ಗೊಬ್ಬರದಿಂದಲೇ 30 ಟನ್ ಹಣ್ಣು ತೆಗೆಯಬೇಕೆಂದರೆ ಮೊದಲ ವರ್ಷ ಎಕರೆಗೆ 45 ಟನ್ ಬೇಕಾಗುತ್ತದೆ. ಒಂದು ದೊಡ್ಡ ಹಸುವಿನ ಸಗಣಿ, ಗಂಜಲ, ಹಾಸಿಗೆ ಹುಲ್ಲು ಸೇರಿ ವರ್ಷಕ್ಕೆ ಕೊಡುವ ಗೊಬ್ಬರ ಹೆಚ್ಚೆಂದರೆ ನಾಲ್ಕೈದು ಟನ್. ಒಂದು ಎಕರೆ ಟೊಮೆಟೊಗೆ ಹತ್ತು ಹಸು! ಹಾಲಿಗೆ ಹೆಸರಾದ ಈ ಜಿಲ್ಲೆಯಲ್ಲೂ ಎಷ್ಟು ಮನೆಗಳಲ್ಲಿ ಅಷ್ಟು ದನ ಉಂಟು? ಇದ್ದರೂ ರಾಗಿ ಹೊಲಕ್ಕೆ, ಹಿಪ್ಪುನೇರಳೆ ತೋಟಕ್ಕೆ ಏನು ಹಾಕುವುದು? ಸಗಣಿಯೊಂದೇ ಸಾಕು ಎನ್ನುವ ಹಿತೈಷಿಗಳನ್ನು ನಾನು ಗೌರವಿಸುತ್ತೇನೆ. ಆದರೆ ಬೇರೆಯವರ ಹೊಲದಿಂದ, ಬೇರೆ ಊರಿನಿಂದ ಲಾರಿಯಲ್ಲಿ ಗೊಬ್ಬರ ತರಿಸದೆ ಈ ಇಳುವರಿ ಬರುವುದಿಲ್ಲ. ತರಿಸಿದರೆ ಇನ್ನೊಂದು ಹೊಲ ಬರಿದಾಗುತ್ತದೆ.

ಹಾಗಾದರೆ ಮಿಕ್ಕ ಸಾರಜನಕವನ್ನು ಚೀಲದಿಂದ ಕೊಟ್ಟುಬಿಟ್ಟರೆ ತಿಪ್ಪೆಯ ಅಗತ್ಯವೇ ಇಲ್ಲವಲ್ಲ, ಲೆಕ್ಕ ಸರಿಹೋಯಿತಲ್ಲ ಎನ್ನಬಹುದು. ಇಲ್ಲಿ ಕಾಗದದ ಮೇಲಿನ ಲೆಕ್ಕಕ್ಕಿಂತ ಹಳೆಯ ತಾಕುಗಳ ಸಾಕ್ಷಿ ದೊಡ್ಡದು.

ಈ ಪ್ರಶ್ನೆಯನ್ನು ಹೊಲದಲ್ಲೇ ಇಟ್ಟು ನೋಡಿದವರಲ್ಲಿ ಮೊದಲಿಗರು ಇಂಗ್ಲೆಂಡಿನ ರಾಥಮ್‌ಸ್ಟೆಡ್‌ನ ಲಾಸ್ ಮತ್ತು ಗಿಲ್ಬರ್ಟ್. 1843ರಲ್ಲಿ ಅವರು ಶುರುಮಾಡಿದ ಗೋಧಿ ಹೊಲದಲ್ಲಿ ಸಗಣಿ ಗೊಬ್ಬರದ ಪಟ್ಟಿ, ರಾಸಾಯನಿಕದ ಪಟ್ಟಿ, ಏನೂ ಹಾಕದ ಪಟ್ಟಿ ಪಕ್ಕಪಕ್ಕದಲ್ಲಿ ಇವತ್ತಿಗೂ ಇವೆ. ನಮ್ಮ ಮೈಸೂರು ಸಂಸ್ಥಾನವೂ ಹಿಂದೆ ಬಿದ್ದಿರಲಿಲ್ಲ. ಮಹಾರಾಣಿ ಕೆಂಪನಂಜಮ್ಮಣ್ಣಿಯವರು 1899ರಲ್ಲಿ ಹೆಬ್ಬಾಳದಲ್ಲಿ ಕೊಟ್ಟ 30 ಎಕರೆಯಲ್ಲಿ ಪ್ರಯೋಗ ಕ್ಷೇತ್ರ ಆರಂಭವಾಯಿತು, ಮಣ್ಣು ಮತ್ತು ಬೆಳೆಯ ಸಂಬಂಧ ಕುರಿತ ಕೆಲಸವನ್ನು ವಿಜ್ಞಾನಿ ಡಾ. ಲೇಮನ್ ಅಲ್ಲಿ ಕೈಗೊಂಡರು. ಆದರೆ ನಮಗೆ ಹೆಚ್ಚು ಹತ್ತಿರದ ಸಾಕ್ಷಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯವಿರುವ ಜಿಕೆವಿಕೆಯ ಕೆಂಪು ಮಣ್ಣಿನಲ್ಲಿದೆ. ಅಲ್ಲಿ 1978ರಿಂದ ಒಂದೇ ಜಾಗದಲ್ಲಿ, ಒಂದೇ ಕ್ರಮದಲ್ಲಿ ರಾಗಿ ಬೆಳೆದು ನೋಡುತ್ತಿದ್ದಾರೆ. ಬರೀ ಎನ್‌ಪಿಕೆ ಕೊಟ್ಟ ತಾಕು ಮೊದಲಲ್ಲಿ ಚೆನ್ನಾಗಿಯೇ ಬೆಳೆಯಿತು. ವರ್ಷಗಳು ಕಳೆದಂತೆ ಅದರ ಇಳುವರಿ ಇಳಿಯುತ್ತ ಬಂತು. ಹೆಕ್ಟೇರಿಗೆ 10 ಟನ್ ಕೊಟ್ಟಿಗೆ ಗೊಬ್ಬರವನ್ನೂ ಪೂರ್ಣ ಪ್ರಮಾಣದ ಎನ್‌ಪಿಕೆಯನ್ನೂ ಕೊಟ್ಟ ತಾಕು ಎಲ್ಲಕ್ಕಿಂತ ಮುಂದಿದೆ, ಮಳೆ ಕೈಕೊಟ್ಟ ವರ್ಷಗಳಲ್ಲೂ ಅದು ಪೂರ್ತಿ ಸೋತಿಲ್ಲ. ಅದು ರಾಗಿ, ನಮ್ಮದು ಟೊಮೆಟೊ, ನಿಜ. ಆದರೆ ಮಣ್ಣು ಇದೇ ಜಾತಿಯ ಮಣ್ಣು: ಮರಳು ಮಿಶ್ರಿತ ಕೆಂಪು ಭೂಮಿ, ಸಾವಯವ ಇಂಗಾಲ ಅರ್ಧ ಪರ್ಸೆಂಟಿಗಿಂತ ಕೆಳಗೆ.

ಸಗಣಿ ಗೊಬ್ಬರ ಅಲ್ಲಿ ಮಾಡಿದ್ದೇನು? ಅದು ತಂದ ಸಾರಜನಕ ಅಲ್ಪ. ಅದು ಮಣ್ಣಿಗೆ ಹಿಡಿದಿಡುವ ಶಕ್ತಿ ಕೊಟ್ಟಿತು. ನಮ್ಮ ಕೆಂಪು ಮಣ್ಣಿನ ಜೇಡಿಗೆ ಪೋಷಕಾಂಶವನ್ನು ಹಿಡಿದುಕೊಳ್ಳುವ ಗುಣ ಕಡಿಮೆ. ಕಳಿತ ಸಾವಯವ ವಸ್ತುವಿಗೆ ಆ ಗುಣ ಹಲವು ಪಟ್ಟು ಹೆಚ್ಚು. ಅಮೋನಿಯಂ, ಪೊಟ್ಯಾಷ್, ಕ್ಯಾಲ್ಸಿಯಂ ಅದಕ್ಕೆ ಅಂಟಿಕೊಂಡು ಬೇರಿನ ಹತ್ತಿರ ಉಳಿಯುತ್ತವೆ. ಮಣ್ಣಿನ ಕಣಗಳು ಗುಂಪುಗೂಡಿ ಗಾಳಿ ಆಡಲು ಜಾಗವಾಗುತ್ತದೆ. ಯೂರಿಯಾ, ಡಿಎಪಿಯಂಥ ಗೊಬ್ಬರಗಳು ವರ್ಷಗಟ್ಟಲೆ ಬಿದ್ದಾಗ ಮಣ್ಣು ಹುಳಿಯಾಗುತ್ತ ಹೋಗುತ್ತದೆ, ಅದನ್ನೂ ಇದು ಒಂದಿಷ್ಟು ತಡೆಯುತ್ತದೆ. ಸತು, ಬೋರಾನ್, ಕಬ್ಬಿಣ ಚೂರುಚೂರಾಗಿ ಸಿಗುತ್ತವೆ. ಸಾರಜನಕವನ್ನು ಅಂಗಡಿಯಿಂದ ತರಬಹುದು. ಈ ಹಿಡಿತವನ್ನು ತರಲು ಬರುವುದಿಲ್ಲ. ನಮ್ಮ ಹಿರಿಯರು ಬೇಸಗೆಯಲ್ಲಿ ಕೆರೆ ಗೋಡು ಹೊಡೆಸುತ್ತಿದ್ದುದು, ಹೊಲದಲ್ಲಿ ಕುರಿ ಮಂದೆ ನಿಲ್ಲಿಸುತ್ತಿದ್ದುದು, ಹೊಂಗೆ ಸೊಪ್ಪನ್ನು ತುಳಿದು ಮಣ್ಣಿಗೆ ಸೇರಿಸುತ್ತಿದ್ದುದು ಇದೇ ಕಾರಣಕ್ಕೆ ಫಲ ಕೊಡುತ್ತಿತ್ತು.

ಚೀಲದ ಗೊಬ್ಬರದ ಗುಣ ಬೇರೆ. ಬೇಕೆಂದ ದಿನ, ಬೇಕೆಂದಷ್ಟು ಕೊಡಲು ಅದರಿಂದ ಸಾಧ್ಯ. ಟೊಮೆಟೊದಲ್ಲಿ ಈ ದಿನದ ವಿಷಯ ಬಹಳ ಮುಖ್ಯ. ಇಪ್ಪತ್ತೈದು ಮೂವತ್ತು ದಿನದ ಸಸಿಯನ್ನು ಟ್ರೇಯಿಂದ ತೆಗೆದು ನಾಟಿ ಮಾಡಿದ ಮೇಲೆ ಮೊದಲ ತಿಂಗಳು ಗಿಡ ಎತ್ತಿಕೊಳ್ಳುವ ಆಹಾರ ಒಟ್ಟು ಲೆಕ್ಕದಲ್ಲಿ ಸಣ್ಣ ಪಾಲು. ಹೂ ಕಚ್ಚಿ, ಕಾಯಿ ಗಾತ್ರ ಹಿಡಿಯುವಾಗ ಅದರ ಹಸಿವು ಒಮ್ಮೆಲೇ ಏರುತ್ತದೆ, ಮೊದಲ ಕೊಯ್ಲಿನಿಂದ ಮುಂದಿನ ಎರಡು ತಿಂಗಳೂ ಹಾಗೇ ಇರುತ್ತದೆ. ಬೋದು ಮಾಡುವಾಗಲೇ ಯೂರಿಯಾ ಪೂರ್ತಿ ಸುರಿದು ಮಲ್ಚಿಂಗ್ ಪೇಪರ್ ಎಳೆದುಬಿಟ್ಟರೆ, ಗಿಡಕ್ಕೆ ಹಸಿವಾಗುವ ಹೊತ್ತಿಗೆ ಅದರಲ್ಲಿ ದೊಡ್ಡ ಪಾಲು ನೈಟ್ರೇಟ್ ಆಗಿ ನೀರಿನೊಂದಿಗೆ ಬೇರಿನ ಕೆಳಕ್ಕೆ ಇಳಿದಿರುತ್ತದೆ. ರಂಜಕ ಬುಡಕ್ಕೇ ಬೇಕು, ಅದು ಓಡಾಡುವುದಿಲ್ಲ. ಸಾರಜನಕ, ಪೊಟ್ಯಾಷ್ ಎರಡನ್ನೂ ಡ್ರಿಪ್ಪಿನಲ್ಲಿ ವಾರವಾರ ಸ್ವಲ್ಪಸ್ವಲ್ಪ ಕೊಡಬೇಕು. ಡ್ರಿಪ್ಪಿಗೆ ಗೊಬ್ಬರ ಎಳೆಯುವ ವೆಂಚುರಿ ಇಟ್ಟುಕೊಂಡವರಿಗೆ ಇದು ಕಷ್ಟದ ಕೆಲಸವಲ್ಲ.

ಇನ್ನು, ಹೆಚ್ಚಾದರೆ ಏನಾಗುತ್ತದೆ ಎಂಬುದು. ನಾನು ಹೆಚ್ಚು ಹೊತ್ತು ನಿಲ್ಲಬೇಕೆಂದಿರುವುದು ಇಲ್ಲಿ, ಏಕೆಂದರೆ ನಮ್ಮ ಹೊಲಗಳಲ್ಲಿ ಕೊರತೆಗಿಂತ ಅತಿಯೇ ಹೆಚ್ಚು ಕಾಣುತ್ತಿದೆ.

ಸಾರಜನಕ ಹೆಚ್ಚಾದ ಗಿಡ ನೋಡಲು ಸೊಗಸು. ಎಲೆ ದಟ್ಟ ಹಸಿರು, ಕಾಂಡ ಬೆರಳು ದಪ್ಪ. ದಾರಿಯಲ್ಲಿ ಹೋಗುವವರು ನಿಂತು ನೋಡುತ್ತಾರೆ. ಆದರೆ ಹೂವು ತಡವಾಗುತ್ತದೆ, ಬಂದದ್ದೂ ಉದುರುತ್ತದೆ. ಎಲೆಯ ನಡುವೆ ಗಾಳಿ ಆಡದೆ ಅಂಗಮಾರಿಗೆ ಅನುಕೂಲವಾಗುತ್ತದೆ. ಎಳೆ ಎಲೆಯ ರಸ ಹೀರುವ ಬಿಳಿನೊಣಕ್ಕೆ ಇಂಥ ಗಿಡವೇ ಇಷ್ಟ. ಎಲೆ ಮುಟುರು ರೋಗದ ವೈರಸ್ಸನ್ನು ಹೊತ್ತು ತರುವುದು ಅದೇ. ಯೂರಿಯಾಕ್ಕೆ ಕೊಟ್ಟ ದುಡ್ಡಿನ ಹಿಂದೆಯೇ ಔಷಧಿಗೆ ದುಡ್ಡು ಹೋಗುತ್ತದೆ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಕೊಟ್ಟ ಅರ್ಕಾ ರಕ್ಷಕ್ ತಳಿ ಎಲೆ ಮುಟುರು, ದುಂಡಾಣು ಸೊರಗು, ಮುಂಚಿನ ಅಂಗಮಾರಿ ಈ ಮೂರನ್ನೂ ತಡೆಯಬಲ್ಲದು. ಅಂಥ ತಳಿಯನ್ನು ನೆಟ್ಟವರು ಸಹ ಸಾರಜನಕದಲ್ಲಿ ಕೈ ಬಿಗಿ ಹಿಡಿಯಬೇಕು.

ಈಗ ಕಾಯಿಯ ತಳ ಕಪ್ಪಾಗುವ ಸಂಗತಿ. ಹಸಿರು ಕಾಯಿಯ ಹೂವಿನ ತುದಿಯಲ್ಲಿ ಮೊದಲು ನೀರು ಹತ್ತಿದಂಥ ಕಲೆ, ಆಮೇಲೆ ಚರ್ಮದಂತೆ ಕಂದು ಕಪ್ಪು. ಇದು ರೋಗವೆಂದು ಅಂಗಡಿಗೆ ಓಡಿ ಶಿಲೀಂಧ್ರನಾಶಕ ತರುವವರು ಇನ್ನೂ ಇದ್ದಾರೆ. ಇದಕ್ಕೆ ಯಾವ ರೋಗಾಣುವೂ ಕಾರಣವಲ್ಲ, ಕಾಯಿಯ ತುದಿಗೆ ಕ್ಯಾಲ್ಸಿಯಂ ತಲುಪಿಲ್ಲ ಅಷ್ಟೆ. ಎಷ್ಟೋ ಸಲ ಮಣ್ಣಿನಲ್ಲಿ ಕ್ಯಾಲ್ಸಿಯಂ ಸಾಕಷ್ಟಿರುತ್ತದೆ. ಅದು ಗಿಡದೊಳಗೆ ನೀರಿನ ಜೊತೆಗಷ್ಟೇ ಹರಿಯುತ್ತದೆ, ಒಮ್ಮೆ ಎಲೆ ಸೇರಿದರೆ ಅಲ್ಲಿಂದ ಕಾಯಿಗೆ ವಾಪಸು ಬರುವುದಿಲ್ಲ. ಎಲೆ ನೀರನ್ನು ಆವಿ ಮಾಡಿ ಎಳೆದುಕೊಳ್ಳುತ್ತದೆ, ಕಾಯಿಯ ಸಿಪ್ಪೆಯಿಂದ ಆವಿ ಹೋಗುವುದೇ ಅಪರೂಪ. ಎರಡು ದಿನ ಕರೆಂಟಿಲ್ಲದೆ ಮೋಟಾರು ನಿಂತು, ಮೂರನೆಯ ದಿನ ನೀರು ಹರಿದರೆ ಈ ತೊಂದರೆ ಹೆಚ್ಚು. ಮಣ್ಣಿನಲ್ಲಿ ಅಮೋನಿಯಂ, ಪೊಟ್ಯಾಷ್ ವಿಪರೀತವಾದರೆ ಅವು ಬೇರಿನ ಬಾಗಿಲಲ್ಲೇ ಕ್ಯಾಲ್ಸಿಯಮ್ಮಿಗೆ ಪೈಪೋಟಿ ಒಡ್ಡುತ್ತವೆ. ಅಂದರೆ, ಕಾಯಿ ದಪ್ಪವಾಗಲೆಂದು ಸುರಿದ ಗೊಬ್ಬರವೇ ಕಾಯಿಯನ್ನು ಕೆಡಿಸಬಹುದು. ಕ್ಯಾಲ್ಸಿಯಂ ನೈಟ್ರೇಟ್ ಕೊಡುವುದು ಒಂದು ಮದ್ದು. ನೀರನ್ನು ದಿನವೂ ಸಮನಾಗಿ ಕೊಡುವುದು ಅದಕ್ಕಿಂತ ದೊಡ್ಡ ಮದ್ದು. ಸಗಣಿ ಗೊಬ್ಬರ ಉಂಡ ಮಣ್ಣು ಎರಡು ದಿನದ ತೇವವನ್ನು ಹಿಡಿದಿಡಬಲ್ಲದು ಎಂಬುದನ್ನೂ ಇಲ್ಲಿ ನೆನೆಯಬೇಕು.

ಪೊಟ್ಯಾಷ್ ಕಡಿಮೆಯಾದರೆ ಬೇರೆ ಗೋಳು. ಹಣ್ಣಿನ ಹೆಗಲು ಹಳದಿಯಾಗಿಯೇ ಉಳಿಯುತ್ತದೆ, ಬಣ್ಣ ಪಟ್ಟೆಪಟ್ಟೆಯಾಗಿ ಬರುತ್ತದೆ, ಹಣ್ಣು ಬೇಗ ಮೆತ್ತಗಾಗುತ್ತದೆ. ಇಲ್ಲಿಂದ ಉತ್ತರ ಭಾರತಕ್ಕೆ ಲಾರಿ ಹತ್ತುವ ಹಣ್ಣಿಗೆ ಗಟ್ಟಿತನವೇ ಬೆಲೆ. ಮಂಡಿಯಲ್ಲಿ ಹಣ್ಣನ್ನು ಒತ್ತಿ ನೋಡಿ ದರ ಕೂಗುವವರು ಒಂದು ಲೆಕ್ಕದಲ್ಲಿ ನಿಮ್ಮ ಪೊಟ್ಯಾಷನ್ನೇ ಒತ್ತಿ ನೋಡುತ್ತಿದ್ದಾರೆ.

ರಂಜಕದ ಕಥೆ ಕೇಳಿ. ಹೈಬ್ರಿಡ್ ಟೊಮೆಟೊಗೆ ನಮ್ಮಲ್ಲಿ ಬಹುಕಾಲದಿಂದ ಹೇಳುತ್ತ ಬಂದಿರುವ ಪ್ರಮಾಣ ಹೆಕ್ಟೇರಿಗೆ ಸಾರಜನಕ, ರಂಜಕ, ಪೊಟ್ಯಾಷ್ ಮೂರೂ 250 ಕೆಜಿ. ಎಕರೆಗೆ ನೂರು ನೂರು ನೂರು. ಬೆಳೆ ಎತ್ತುವ ರಂಜಕ ಮೂವತ್ತು ಕೆಜಿ ಮೀರುವುದಿಲ್ಲ ಎಂದೆ. ಮಿಕ್ಕ 70 ಕೆಜಿ ಎಲ್ಲಿ ಹೋಯಿತು? ನಮ್ಮ ಕೆಂಪು ಮಣ್ಣಿನ ಕಬ್ಬಿಣ, ಅಲ್ಯೂಮಿನಿಯಂ ಅದನ್ನು ಕಟ್ಟಿಹಾಕುತ್ತವೆ. ಹೊಸದಾಗಿ ತರಕಾರಿಗೆ ತಂದ ಭೂಮಿಗೆ ಹೆಚ್ಚು ಕೊಡುವುದಕ್ಕೆ ಇದೇ ಕಾರಣವಿತ್ತು, ಅದು ತಪ್ಪಲ್ಲ. ಆದರೆ ಇಪ್ಪತ್ತು ವರ್ಷ ಟೊಮೆಟೊ, ಕೋಸು, ಆಲೂಗಡ್ಡೆ ಬೆಳೆದು ಪ್ರತಿ ಸಲವೂ ಡಿಎಪಿ ಹಾಕಿದ ಹೊಲಕ್ಕೆ ಅದೇ ಪ್ರಮಾಣ ಏಕೆ? ಮಣ್ಣು ಪರೀಕ್ಷೆಯಲ್ಲಿ ರಂಜಕ ‘ಹೆಚ್ಚು’ ಎಂದು ಬಂದ ಚೀಟಿಯನ್ನು ಜೇಬಿನಲ್ಲಿಟ್ಟುಕೊಂಡೇ ಡಿಎಪಿ ಕೊಳ್ಳುವವರಿದ್ದಾರೆ. ಅತಿಯಾದ ರಂಜಕ ಸತುವನ್ನು ಗಿಡಕ್ಕೆ ಸಿಗದಂತೆ ಮಾಡುತ್ತದೆ. ಆಗ ಸತುವಿಗೆ ಇನ್ನೊಂದು ಖರ್ಚು.

ಮಣ್ಣು ಆರೋಗ್ಯ ಚೀಟಿಯ ಬಗ್ಗೆ ಒಂದು ಮಾತು. 2015ರಲ್ಲಿ ಬಂದ ಆ ಯೋಜನೆ ಒಳ್ಳೆಯದು, ಹನ್ನೆರಡು ಅಂಶಗಳನ್ನು ತೋರಿಸುತ್ತದೆ. ಆದರೆ ಅದರಲ್ಲಿ ನೀರಾವರಿ ಜಮೀನಿನಲ್ಲಿ ಎರಡೂವರೆ ಹೆಕ್ಟೇರಿಗೆ ಒಂದು ಮಾದರಿ ತೆಗೆಯುವ ಕ್ರಮ ಇಟ್ಟುಕೊಂಡಿದ್ದರು. ಆರು ಎಕರೆಗೂ ಮೀರಿದ ಆ ಚೌಕದಲ್ಲಿ ನಮ್ಮ ಕಡೆ ನಾಲ್ಕೈದು ಮನೆಯವರ ಜಮೀನಿರುತ್ತದೆ. ಒಬ್ಬರದು ರಾಗಿ, ಒಬ್ಬರದು ಮಾವು, ಒಬ್ಬರದು ಟೊಮೆಟೊ. ಟೊಮೆಟೊಗೆ ಲಕ್ಷಗಟ್ಟಲೆ ಸುರಿಯುವವರು ತಮ್ಮ ತಾಕಿನದೇ ಮಣ್ಣನ್ನು ತಾವೇ ತೆಗೆದು ಕೊಡಬೇಕು.

ಉಪ್ಪಿನ ಮಾತು ಚಿಕ್ಕದಾಗಿ ಮುಗಿಸುತ್ತೇನೆ. ನೀರಲ್ಲಿ ಕರಗುವ ಗೊಬ್ಬರವೆಲ್ಲವೂ ಉಪ್ಪೇ. ಬೇರಿನ ಸುತ್ತ ಮಣ್ಣಿನ ಉಪ್ಪಿನಂಶ ಮೀಟರಿಗೆ 2.5 ಡೆಸಿಸೀಮೆನ್ಸ್ ದಾಟಿದ ಮೇಲೆ ಏರುವ ಪ್ರತಿ ಒಂದಕ್ಕೆ ಟೊಮೆಟೊ ಇಳುವರಿ ನೂರಕ್ಕೆ ಹತ್ತರಷ್ಟು ಬೀಳುತ್ತದೆ. ಸಾವಿರ ಅಡಿ ಕೆಳಗಿನ ಬೋರ್‌ವೆಲ್ ನೀರಿನಲ್ಲಿ ಮೊದಲೇ ಉಪ್ಪಿರುವ ಕಡೆ, ಪೇಪರ್ ಹೊದಿಸಿ ಮಳೆ ತಾಗದಂತೆ ಮಾಡಿದ ಬೋದಿನಲ್ಲಿ, ಇದು ಬೇಗ ಏರುತ್ತದೆ.

ಆ ನೀರಿನಲ್ಲೇ ಇನ್ನೊಂದು ಲೆಕ್ಕವೂ ಅಡಗಿದೆ. ಕುಡಿಯುವ ನೀರಿನಲ್ಲಿ ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ಮೀರಬಾರದು. ಅದನ್ನು ಮೀರಿದ ಬಾವಿಗಳು ಕೋಲಾರ ಜಿಲ್ಲೆಯಲ್ಲಿವೆ. ಸರಿಯಾಗಿ 45 ಇರುವ ನೀರನ್ನೇ ತೆಗೆದುಕೊಳ್ಳಿ. ಬೆಳೆಯ ಅವಧಿಯಲ್ಲಿ ಎಕರೆಗೆ 16 ಲಕ್ಷ ಲೀಟರ್ ಹರಿಸಿದರೆ ಅದರೊಂದಿಗೆ ಹೊಲಕ್ಕೆ 16 ಕೆಜಿ ಸಾರಜನಕ ಬಂದಿರುತ್ತದೆ. ಮೂವತ್ತೈದು ಕೆಜಿ ಯೂರಿಯಾಕ್ಕೆ ಅದು ಸಮ. ಹಿಂದಿನ ಬೆಳೆಗಳಿಗೆ ನಾವೇ ಹಾಕಿ ಗಿಡಕ್ಕೆ ದಕ್ಕದೆ ಇಳಿದುಹೋದದ್ದರ ಪಾಲೂ ಅದರಲ್ಲಿದೆ. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ನಮ್ಮ ಕೆರೆಗಳಿಗೆ ಬರುತ್ತಿದೆ. ಒಣಗಿದ್ದ ಬೋರ್‌ವೆಲ್‌ಗಳಲ್ಲಿ ನೀರು ಕಂಡದ್ದನ್ನು ನೀವೆಲ್ಲ ನೋಡಿದ್ದೀರಿ. ಎರಡನೇ ಹಂತದವರೆಗೆ ಮಾತ್ರ ಸಂಸ್ಕರಿಸಿದ ನೀರಿನಲ್ಲಿ ಸಾರಜನಕ, ರಂಜಕ ಉಳಿದಿರುತ್ತವೆ. ಕೆರೆಯ ಸುತ್ತಲಿನ ಬಾವಿ ನೀರನ್ನು ಪರೀಕ್ಷೆ ಮಾಡಿಸಿ, ಅದರಲ್ಲಿ ಬಂದಷ್ಟನ್ನು ಗೊಬ್ಬರದಿಂದ ಕಳೆಯುವುದನ್ನು ನಾವಿನ್ನೂ ಕಲಿಯಬೇಕಾಗಿದೆ. ಮಕ್ಕಳು ಕುಡಿಯುವುದೂ ಅದೇ ಅಂತರ್ಜಲ ಎಂಬುದು ಇಳುವರಿಗಿಂತ ದೊಡ್ಡ ವಿಷಯ.

ಇಷ್ಟೆಲ್ಲ ಗೊತ್ತಿರುವ ರೈತ ಏಕೆ ಹೆಚ್ಚು ಸುರಿಯುತ್ತಾನೆ? ಅಜ್ಞಾನ ಎನ್ನುವ ವಿದ್ವಾಂಸರ ಮಾತನ್ನು ನಾನು ಒಪ್ಪುವುದಿಲ್ಲ. 2023ರ ಜುಲೈಯಲ್ಲಿ ಇದೇ ಮಾರುಕಟ್ಟೆಯಲ್ಲಿ ಒಂದು ಬಾಕ್ಸ್ ಎರಡು ಸಾವಿರ ರೂಪಾಯಿ ದಾಟಿತು. ಕೀಳುವ ಕೂಲಿಯೂ ಹುಟ್ಟದೆ ಹಣ್ಣನ್ನು ರಸ್ತೆಗೆ ಸುರಿದ ವರ್ಷಗಳನ್ನೂ ನೀವು ಕಂಡಿದ್ದೀರಿ. ಬೆಲೆ ಯಾವ ವಾರ ಏರುತ್ತದೆಂದು ಯಾರಿಗೂ ತಿಳಿಯದು. ಏರಿದ ವಾರ ಗಿಡದಲ್ಲಿ ಕಾಯಿ ಇಲ್ಲದಿದ್ದರೆ ಹೇಗೆ ಎಂಬ ಭಯ ಎಲ್ಲರಿಗೂ ಇದೆ. ಆ ಭಯಕ್ಕೆ ಇನ್ನೊಂದು ಚೀಲ ಗೊಬ್ಬರ ಅಗ್ಗದ ಸಮಾಧಾನ. ಯೂರಿಯಾದ ಬೆಲೆಯನ್ನು ಸರ್ಕಾರ ಕಟ್ಟಿಹಾಕಿದೆ. 2010ರ ನಂತರ ರಂಜಕ, ಪೊಟ್ಯಾಷಿನ ಬೆಲೆ ಏರಿತು. ಹಾಗಾಗಿ ಕೈ ಮೊದಲು ಯೂರಿಯಾದ ಕಡೆಗೇ ಹೋಗುತ್ತದೆ. ಗೊಬ್ಬರದಂಗಡಿಯಲ್ಲಿ ಸಾಲ ಬರೆಸಿದವರು ಅಂಗಡಿಯವರ ಸಲಹೆಯನ್ನು ತಳ್ಳಿಹಾಕುವುದೂ ಸುಲಭವಲ್ಲ. ಇದನ್ನು ಮರೆತು ‘ಸಮತೋಲನ ಪೋಷಣೆ’ ಎಂದು ಭಾಷಣ ಮಾಡಿದರೆ ಯಾರೂ ಕೇಳುವುದಿಲ್ಲ, ಕೇಳಬೇಕಾಗಿಯೂ ಇಲ್ಲ.

ತಿಪ್ಪೆಯ ಸ್ಥಿತಿಯನ್ನೂ ಹೇಳದೆ ಇರಲಾರೆ. 1893ರಲ್ಲಿ ವೋಲ್ಕರ್ ಎಂಬ ರಸಾಯನಶಾಸ್ತ್ರಜ್ಞರು ಭಾರತದ ಬೇಸಾಯದ ಬಗ್ಗೆ ವರದಿ ಕೊಟ್ಟಾಗ, ಸೌದೆಯಿಲ್ಲದೆ ಸಗಣಿ ಒಲೆಗೆ ಹೋಗುತ್ತಿರುವುದನ್ನು ಎತ್ತಿ ಹೇಳಿದ್ದರು. ಈಗ ಒಲೆಗೆ ಹೋಗುವುದು ಕಡಿಮೆಯಾಗಿದೆ. ಬಿಸಿಲಿಗೆ, ಮಳೆಗೆ ಹೋಗುತ್ತಿದೆ. ಬಯಲಲ್ಲಿ ರಾಶಿ ಬಿದ್ದ ಸಗಣಿಯ ಸಾರಜನಕ ಅಮೋನಿಯಾ ಆಗಿ ಹಾರಿಹೋಗುತ್ತದೆ, ಪೊಟ್ಯಾಷ್ ಮಳೆನೀರಲ್ಲಿ ಕರಗಿ ಚರಂಡಿ ಸೇರುತ್ತದೆ. ಗಂಜಲದಲ್ಲಿ ಪೊಟ್ಯಾಷ್ ಬಹಳ. ಸಿಮೆಂಟ್ ನೆಲದ ಕೊಟ್ಟಿಗೆಯಿಂದ ಅದನ್ನು ನೀರು ಹೊಡೆದು ಹೊರಗೆ ಬಿಡುತ್ತೇವೆ, ಆಮೇಲೆ ವಿದೇಶದಿಂದ ಹಡಗಿನಲ್ಲಿ ಬಂದ ಪೊಟ್ಯಾಷ್ ಕೊಳ್ಳುತ್ತೇವೆ. ಹೊಂಗೆ ಮರದ ನೆರಳಲ್ಲಿ ಗುಂಡಿ, ಮೇಲೊಂದು ಸೋಗೆ ಚಪ್ಪರ, ಗಂಜಲ ಹರಿದು ಬರಲು ಒಂದು ಕಾಲುವೆ ಇದ್ದರೆ ಸಾಕು. ಅರೆಕಳಿತ ಗೊಬ್ಬರ ಹಾಕಿದರೆ ಗೊಣ್ಣೆಹುಳವೂ ಕಳೆ ಬೀಜವೂ ಹೊಲಕ್ಕೆ ಬರುತ್ತವೆ. ಹಸಿ ಕೋಳಿ ಗೊಬ್ಬರ ಇನ್ನೂ ಅಪಾಯ, ಅದರ ಕಾವಿಗೂ ಅಮೋನಿಯಾಕ್ಕೂ ಎಳೆ ಬೇರು ಸುಡುತ್ತದೆ. ಕೊಳೆಸಿಯೇ ಹಾಕಬೇಕು.

ಕೊನೆಗೆ, ಇದು ದತ್ತಿಯ ವೇದಿಕೆ ಆದ್ದರಿಂದ ಧೈರ್ಯವಾಗಿ ಒಂದು ಬೇಡಿಕೆ ಇಡುತ್ತೇನೆ. ಜಿಕೆವಿಕೆಯ ರಾಗಿ ತಾಕು ನಮಗೆ ಹೇಳಿದ್ದನ್ನು ಯಾವ ಮೂರು ವರ್ಷದ ಪ್ರಬಂಧವೂ ಹೇಳಲಾರದು. ಮಣ್ಣು ಬದಲಾಗುವುದು ಹತ್ತು ಇಪ್ಪತ್ತು ವರ್ಷದಲ್ಲಿ. ಟೊಮೆಟೊಗೆ ಕೋಲಾರದಲ್ಲೇ ಅಂಥ ಶಾಶ್ವತ ತಾಕು ಬೇಕು. ಟಮಕದಲ್ಲಿ ತೋಟಗಾರಿಕೆ ಕಾಲೇಜಿದೆ, ಕೃಷಿ ವಿಜ್ಞಾನ ಕೇಂದ್ರವಿದೆ. ಅರ್ಧ ಎಕರೆ ಸಾಕು. ಒಂದು ಪಟ್ಟಿಗೆ ಏನೂ ಇಲ್ಲ, ಒಂದಕ್ಕೆ ಕೊಟ್ಟಿಗೆ ಗೊಬ್ಬರ ಮಾತ್ರ, ಒಂದಕ್ಕೆ ಚೀಲದ್ದು ಮಾತ್ರ, ಒಂದಕ್ಕೆ ಎರಡೂ, ಇನ್ನೊಂದಕ್ಕೆ ಎರಡನ್ನೂ ಕೊಟ್ಟು ಬಾವಿ ನೀರಿನ ನೈಟ್ರೇಟನ್ನು ಕಳೆದು. ಸೊರಗು ರೋಗ ಕೂರದಂತೆ ನಡುವೆ ಒಂದು ಬೆಳೆ ರಾಗಿ ಬರಲಿ. ಪ್ರತಿ ಕೊಯ್ಲಿನಲ್ಲೂ ಬಾಕ್ಸಿನ ಲೆಕ್ಕ, ತಳ ಕಪ್ಪಾದ ಕಾಯಿಯ ಲೆಕ್ಕ, ಹಣ್ಣು ಎಷ್ಟು ದಿನ ಗಟ್ಟಿಯಾಗಿ ನಿಂತಿತು ಎಂಬುದು, ವರ್ಷಕ್ಕೊಮ್ಮೆ ಇಂಗಾಲದ ಪರೀಕ್ಷೆ, ಇವನ್ನು ಒಂದು ಪುಸ್ತಕದಲ್ಲಿ ಬರೆಯುತ್ತ ಹೋಗಬೇಕು. ಆ ಪುಸ್ತಕ ಯಾವ ರೈತ ಬಂದು ಕೇಳಿದರೂ ತೆರೆದು ತೋರಿಸುವಂತಿರಬೇಕು. ದತ್ತಿಯ ಬಡ್ಡಿಯಲ್ಲಿ ಒಂದು ಪಾಲು ಇದಕ್ಕೆ ಸಲ್ಲಬಹುದೇ ಎಂದು ಈ ದತ್ತಿಯನ್ನಿಟ್ಟ ಮನೆತನದ ಹಿರಿಯರನ್ನೂ, ಜಾಗ ಕೊಡಬಹುದೇ ಎಂದು ಸಂಸ್ಥೆಗಳನ್ನೂ ಕೇಳಿಕೊಳ್ಳುತ್ತೇನೆ. ಒಪ್ಪಿಗೆ ಸಿಕ್ಕರೆ ಮುಂಗಾರಿಗೆ ಮೊದಲೇ ಪಟ್ಟಿಗಳನ್ನು ಅಳೆದು ಕಲ್ಲು ನೆಡಬಹುದು, ಮೊದಲ ಮಣ್ಣಿನ ಮಾದರಿಯನ್ನು ಅದೇ ದಿನ ತೆಗೆಯಬಹುದು.